ನಗು ಎಲ್ಲಿದೆ ಎಂಬ ಕಾಲಂ

ಪೆಟ್ಟಿಗೆ ಬಿಚ್ಚಿದ ಮೊದಲ ದಿನ ನಾನು ಏಳು ಸಲ ಸೀನಿದೆ. ಹಳೆಯ ಕಾಗದಕ್ಕೆ ಅಕ್ಕಿ ಡಬ್ಬದ ತಳದಲ್ಲಿ ಉಳಿದ ಹಿಟ್ಟಿನ ವಾಸನೆ ಇರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗಲು. ನಮ್ಮ ಆಫೀಸಿನ ಯಜಮಾನನ ತಂದೆ ಹರೆಯದಲ್ಲಿ ಅಮೆರಿಕಕ್ಕೆ ಓದಲು ಹೋಗಿದ್ದರಂತೆ. ಬರುವಾಗ ಪದವಿಯ ಜೊತೆಗೆ ಅಲ್ಲಿಯ ಹಳೆಯ ನಗೆ ಪತ್ರಿಕೆಗಳನ್ನು ಪೆಟ್ಟಿಗೆಗಟ್ಟಲೆ ತಂದರು. ಅವರು ತೀರಿಕೊಂಡ ಮೇಲೆ ಮಗನಿಗೆ ಅದರದೊಂದು ಪ್ರದರ್ಶನ ಮಾಡಬೇಕೆಂಬ ಆಸೆ ಹುಟ್ಟಿತು. ಯುದ್ಧದ ಕಾಲದಲ್ಲಿ ಅಮೆರಿಕದವರು ಹೇಗೆ ನಗುತ್ತಿದ್ದರು ಎಂಬುದು ವಿಷಯ.

ಈ ಕೊಲ್ಲಿ ದೇಶದ ಶರ್ಕ್ ಎಂಬ ಪೇಟೆಯಲ್ಲಿ ಒಂಬತ್ತನೇ ಮಹಡಿ ನಮ್ಮದು. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡಿಕೊಡುವ ಸಣ್ಣ ಆಫೀಸು. ನಾಲ್ಕೇ ಜನ. ಈಜಿಪ್ಟಿನ ಮ್ಯಾನೇಜರ್, ಅವರನ್ನು ಎಲ್ಲರೂ ಮುದೀರ್ ಅನ್ನುತ್ತಿದ್ದೆವು. ಸ್ಕ್ಯಾನರ್ ಮುಂದೆ ಫಿಲಿಪ್ಪೀನಿನ ಒಬ್ಬಾಕೆ, ಸುಮಾರು ನನ್ನದೇ ವಯಸ್ಸು. ಪಟ್ಟಿ ತುಂಬಿಸಲು ನಾನು. ಮತ್ತೆ ಇಚ್ಚ.

ಇಚ್ಚ ಬಂಟ್ವಾಳದ ಕಡೆಯ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಬ್ಯಾರಿಗಳು ಅಣ್ಣನಿಗೆ ಇಚ್ಚ ಅನ್ನುತ್ತಾರೆ. ಅವರ ತಮ್ಮ ಹಾಗೆ ಕರೆಯುವುದನ್ನು ಫೋನಿನಲ್ಲಿ ಕೇಳಿ ಕೇಳಿ ನನಗೂ ಅದೇ ಬಾಯಿಗೆ ಬಂತು. ನನಗಿಂತ ಹನ್ನೊಂದು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಕಾಗದದ ಮೇಲೆ ಅವರ ಕೆಲಸ ಚಹಾ ಮಾಡುವುದು, ಪೆಟ್ಟಿಗೆ ಎತ್ತುವುದು. ಆದರೆ ಹಳೆಯ ಪುಟಗಳನ್ನು ಹರಿಯದಂತೆ ತಿರುಗಿಸಲು ನಮ್ಮಲ್ಲಿ ಅವರೊಬ್ಬರಿಗೇ ಬರುತ್ತಿದ್ದದ್ದು. ತೆಳ್ಳಗಿನ ನೀರುದೋಸೆಯನ್ನು ಕಾವಲಿಯಿಂದ ಎಬ್ಬಿಸುವವರ ಹಾಗೆ, ಎರಡು ಬೆರಳಿನಲ್ಲಿ ಮೂಲೆ ಹಿಡಿದು, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದರು.

ಪಟ್ಟಿಗೆ ನಾಲ್ಕು ಕಾಲಂ. ಚಿತ್ರದಲ್ಲಿ ಇರುವುದು ಯಾರು, ಯಾವ ಯುದ್ಧದ ಕಾಲ, ಏನು ಮಾಡುತ್ತಿದ್ದಾರೆ, ನಗು ಎಲ್ಲಿದೆ. ನಾಲ್ಕನೆಯದು ಮುದೀರ್ ಸೇರಿಸಿದ್ದು. ಇಲ್ಲಿ ನೋಡಲು ಬರುವವರು ಅಮೆರಿಕದವರಲ್ಲ, ಎಲ್ಲಿ ನಗಬೇಕೆಂದು ನಾವೇ ಹೇಳಿಕೊಡಬೇಕು ಎಂದು ಅವರ ವಾದ. ದಿನಕ್ಕೆ ನಲವತ್ತು ಚಿತ್ರ. ನಲವತ್ತು ಸಲ ನಾನು ನಗು ಎಲ್ಲಿದೆ ಎಂದು ಒಂದು ಸಾಲಿನಲ್ಲಿ ಬರೆಯಬೇಕಿತ್ತು.

ಎರಡು ವಾರದಲ್ಲಿ ಗುರುತು ಸಿಗತೊಡಗಿತು. ದವಡೆ ಮುಂದೆ ಬಂದು ಬಾಯಲ್ಲಿ ಗಿಡ್ಡ ಪೈಪು ಇದ್ದರೆ ಐರ್ಲೆಂಡಿನವನು. ಜಡೆ ಇದ್ದು ಕಣ್ಣು ಗೀರಿನಂತಿದ್ದರೆ ಚೀನಾದವನು. ಮೂಗು ಬಾಗಿದ್ದರೆ ಯಹೂದಿ. ಹೊಟ್ಟೆ, ಮೀಸೆ, ತಲೆಯ ಮೇಲೆ ಮೊಳೆಯಿರುವ ಟೋಪಿ ಇದ್ದರೆ ಜರ್ಮನಿಯವನು; ಮೊದಲ ಮಹಾಯುದ್ಧ ಜೋರಾದ ವರ್ಷದ ಸಂಚಿಕೆಗಳಲ್ಲಿ ಅವನಿಗೆ ಹಂದಿಯ ಮುಖ ಬರುತ್ತಿತ್ತು. ಕಪ್ಪು ಮನುಷ್ಯನಿಗೆ ತುಟಿ ಬಿಟ್ಟರೆ ಮುಖದಲ್ಲಿ ಬೇರೆ ಏನನ್ನೂ ಬರೆಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಜಪಾನಿನವನು ಬರುತ್ತಾನೆ. ದಪ್ಪ ಕನ್ನಡಕ, ತುಟಿಯ ಹೊರಗೆ ಹಲ್ಲು. ತೋಟ ನೋಡಿಕೊಳ್ಳುವವನು, ಬಟ್ಟೆ ಒಗೆಯುವವನು. ಆದರೆ ಬುಟ್ಟಿಯೊಳಗೆ ರೇಡಿಯೋ. ಮನೆಗೆಲಸಕ್ಕೆ ಇಟ್ಟುಕೊಂಡವನೇ ಗೂಢಚಾರ ಎಂಬುದೇ ನಗು.

ಇಚ್ಚನಿಗೆ ಇಂಗ್ಲಿಷ್ ಓದಲು ಬಾರದು. ಪುಟ ತಿರುಗಿಸಿ ಕಾಯುತ್ತಿದ್ದರು.

"ಇವ ಯಾರಕ್ಕ?"

"ಐರ್ಲೆಂಡಿನವ."

"ಮೋರೆ ಮಂಗನ ಹಾಗೆ ಉಂಟಲ್ಲ. ಅವರು ಬಿಳಿಯರಲ್ವಾ?"

"ಬಿಳಿಯರೇ."

"ಬಿಳಿಯರು ಬಿಳಿಯರಿಗೇ ಹೀಗೆ ಮಾಡಿದ್ರೆ ನಮ್ಮದು ಕೇಳೂದೇ ಬೇಡ ಮಾರಾಯ್ರೆ."

ಒಂದು ದಿನ ನಾವೂ ಬಂದೆವು. ಮೊಳೆಯ ಹಾಸಿಗೆಯ ಮೇಲೆ ಎಲುಬುಗೂಡಿನಂತಹ ಒಬ್ಬ ಮಲಗಿದ್ದಾನೆ, ಹೆಡೆ ಎತ್ತಿದ ಹಾವು ಅವನಿಗೆ ಬೀಸಣಿಗೆ. ಇಚ್ಚ ಬಾಯಿ ಮುಚ್ಚಿಕೊಂಡು ನಕ್ಕರು.

"ಇದು ನಿಮ್ಮವರು. ಬರೀರಿ ಅಕ್ಕ, ನಗು ಎಲ್ಲುಂಟು ಬರೀರಿ."

"ಸೊಂಟಕ್ಕೆ ಒಳ್ಳೇದಂತೆ, ನಿಮಗೂ ಒಂದು ತರಿಸ್ಬೇಕಾ?" ಎಂದೆ.

ಆಮೇಲಿನ ವರ್ಷಗಳ ಒಂದು ಪೆಟ್ಟಿಗೆಯಲ್ಲಿ ಎಣ್ಣೆಯ ಪೀಪಾಯಿಯ ಮೇಲೆ ಕುಳಿತ ಅರಬರು ಬಂದರು. ಕಪ್ಪು ಕನ್ನಡಕ, ಗಿಣಿಮೂಗು, ಸುತ್ತ ಹೆಂಗಸರು. ಮುದೀರ್ ಬಂದು ಅವಷ್ಟನ್ನೂ ಬೇರೆ ಡಬ್ಬಕ್ಕೆ ಹಾಕಿಸಿ ಟೇಪು ಸುತ್ತಿಸಿದರು. "ಮದಾಮ್, ಇವುಗಳಲ್ಲಿ ನಗು ಇಲ್ಲ" ಎಂದರು. ಕಾಲಂ ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದು ಆ ಒಂದು ಡಬ್ಬಕ್ಕೆ ಮಾತ್ರ.

ಇಚ್ಚ ದಿನಾ ಸಂಜೆ ನಾಲ್ಕು ಗಂಟೆಗೆ ಕೆಲಸ ಬಿಟ್ಟು ಏಳುತ್ತಿದ್ದರು. ಅವರ ತಮ್ಮ ಶುಐಬಾದಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕಿದ್ದವನು. ಎತ್ತರದಿಂದ ಬಿದ್ದು ಕುತ್ತಿಗೆಯ ಎಲುಬು ಮುರಿದು, ಹತ್ತು ತಿಂಗಳಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದ. ಮಾತಾಡುತ್ತಾನೆ, ನುಂಗುತ್ತಾನೆ. ಕೈಕಾಲು ಏಳುವುದಿಲ್ಲ. ಮಲಗಿಸಿಕೊಂಡೇ ವಿಮಾನದಲ್ಲಿ ಊರಿಗೆ ಕಳಿಸಬೇಕು. ಅದರ ಕಾಗದ ಅಲ್ಲಿಂದಿಲ್ಲಿಗೆ ತಿರುಗುತ್ತಿತ್ತು. ಅಲ್ಲಿಯವರೆಗೆ ಸಂಜೆಯ ಊಟ ಇಚ್ಚನದು. ಆಸ್ಪತ್ರೆಯವರು ಕೊಡುವುದನ್ನು ಅವನು ನುಂಗದೆ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಇಚ್ಚ ನಮ್ಮ ಪ್ಯಾಂಟ್ರಿಯಲ್ಲೇ ಕುಚ್ಚಲಕ್ಕಿ ಗಂಜಿ ಬೇಯಿಸಿ, ಸೌಟಿನಿಂದ ಅರೆದು, ಫ್ಲಾಸ್ಕಿಗೆ ತುಂಬಿಸಿ ಬಸ್ಸು ಹಿಡಿಯುತ್ತಿದ್ದರು. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ ಎಂದು ಒಮ್ಮೆ ಹೇಳಿದ್ದರು.

ಅವರಿಗೆ ಅರವತ್ತು ತುಂಬುವುದಿತ್ತು. ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಮುಗಿಯಲು ಎರಡು ತಿಂಗಳು. ಆ ವಯಸ್ಸಿನವರದು ಮುಂದುವರಿಯಬೇಕಾದರೆ ಯಜಮಾನ ಮನಸ್ಸು ಮಾಡಬೇಕು. ಕೊಡಿಸುತ್ತೇನೆ ಎಂದು ಮುದೀರ್ ಬಾಯಿಮಾತಿನಲ್ಲಿ ಹೇಳಿದ್ದರು. ಇಚ್ಚ ನನ್ನ ಹತ್ತಿರ ದಿನಕ್ಕೊಮ್ಮೆ ಕೇಳುತ್ತಿದ್ದರು, "ಕೊಡ್ತಾರಲ್ವಾ ಅಕ್ಕ? ಇನ್ನೊಂದು ವರ್ಷ ಸಿಕ್ಕಿದ್ರೆ ಸಾಕು. ಇವನನ್ನು ಕಳಿಸಿ ನಾನೂ ಹೋಗ್ತೇನೆ."

ಆ ಹೊತ್ತಿಗೆ ಕೊಲ್ಲಿಯ ಆಚೆ ಯುದ್ಧ ಶುರುವಾಯಿತು.

ನಮ್ಮ ಮೇಲೆ ಅಲ್ಲ, ಆದರೆ ನಮ್ಮ ಆಕಾಶದಲ್ಲಿ. ಫೋನುಗಳು ಒಮ್ಮೆಲೇ ಚೀರಿಕೊಳ್ಳುತ್ತಿದ್ದವು. ಶಾಲೆ ಮುಚ್ಚಿ ಮಕ್ಕಳು ಮಂಗಫ್‌ನ ಎರಡು ಕೋಣೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತವು. ನನ್ನ ಗಂಡನ ರಿಫೈನರಿ ಬಸ್ಸು ಮಾತ್ರ ತಪ್ಪದೆ ಬರುತ್ತಿತ್ತು. ಅವರು ಹತ್ತಿದ ಮೇಲೆ ನಾನು ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳುತ್ತಿದ್ದೆ. ನೀರಿನ ಬಾಟಲಿ, ಅವಲಕ್ಕಿ, ಮೇಣದ ಬತ್ತಿ, ಮಕ್ಕಳ ಪಾಸ್‌ಪೋರ್ಟು ಒಂದು ಚೀಲದಲ್ಲಿ ಬಾಗಿಲ ಹತ್ತಿರ. ಫೋನಿನ ತುಂಬ ನಗೆ. ಯಾರು ಮೊದಲು ಓಡುತ್ತಾರೆ, ಯಾರು ಬಂಕರಿನಲ್ಲಿ ಚಹಾದಂಗಡಿ ತೆರೆಯುತ್ತಾರೆ, ಯಾರು ಬಾಂಬು ಬೀಳುವಾಗಲೂ ಲಿಪ್‌ಸ್ಟಿಕ್ ಹುಡುಕುತ್ತಾರೆ. ಹೆದರಿಕೆಯಾದಷ್ಟೂ ನಾವು ಹೆಚ್ಚು ನಗುತ್ತಿದ್ದೆವು, ಪ್ರತಿ ದೇಶದವರೂ ಬೇರೆ ದೇಶದವರ ಮೇಲೆ.

ಒಂದು ಮಧ್ಯಾಹ್ನ ಸೈರನ್ ಆಯಿತು. ಇಡೀ ಕಟ್ಟಡ ಮೆಟ್ಟಿಲಿಳಿದು ನೆಲಮಾಳಿಗೆಯ ಪಾರ್ಕಿಂಗಿಗೆ ಬಂತು. ಇಚ್ಚ ಆಗಷ್ಟೇ ಚಹಾ ಲೋಟಕ್ಕೆ ಸುರಿದಿದ್ದರು. ಟ್ರೇ ಸಮೇತ ಒಂಬತ್ತು ಮಹಡಿ ಇಳಿದಿದ್ದರು, ಒಂದು ಹನಿ ಚೆಲ್ಲಿರಲಿಲ್ಲ. ಟ್ರೇಯನ್ನು ಯಾರದೋ ಕಾರಿನ ಮೇಲಿಟ್ಟು, ಕತ್ತಲೆಯಲ್ಲಿ ಫೋನಿನ ಟಾರ್ಚ್ ಹಾಕಿಕೊಂಡು, ಮೇಲೆ ಹೋಗುವ ಇಳಿಜಾರಿನ ಬಾಯಿಯಲ್ಲಿ ನಿಂತು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದರು. ಕೆಳಗೆ ಸಿಗ್ನಲ್ ಇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು, ತಮ್ಮನನ್ನು ಕಿಟಕಿಯಿಂದ ದೂರ ಸರಿಸಿದ್ದಾರೋ ಎಂದು ಕೇಳಲು.

ಮೇಲೆ ಬಂದ ಮೇಲೆ ಕೆಲಸಕ್ಕೆ ಮನಸ್ಸು ಹತ್ತದೆ ನಾನು ಒಂದು ಹಾಳು ಪ್ರಿಂಟಿನ ಹಿಂಬದಿಯಲ್ಲಿ ಚಿತ್ರ ಬರೆಯಲು ಕುಳಿತೆ. ಶಾಲೆಯಲ್ಲಿ ಬರೆಯುತ್ತಿದ್ದವಳು, ಮದುವೆಯಾದ ಮೇಲೆ ರಂಗೋಲಿ ಬಿಟ್ಟು ಬೇರೆ ಬರೆದಿರಲಿಲ್ಲ. ಆದರೆ ಮೂರು ತಿಂಗಳಿನಿಂದ ದಿನಕ್ಕೆ ನಲವತ್ತು ನೋಡಿದ ಕಣ್ಣು. ಪೆನ್ನು ತಾನಾಗಿ ಓಡಿತು. ಇಚ್ಚನಿಗೆ ತಲೆಯ ಮೇಲೆ ಟ್ರೇ, ಎತ್ತಿದ ಕೈಯಲ್ಲಿ ಟಾರ್ಚು. ಟೋಪಿ, ಗಡ್ಡ, ಅಗಲ ಬೆಲ್ಟಿನ ಲುಂಗಿ. ಆಫೀಸಿಗೆ ಅವರು ಪ್ಯಾಂಟು ಹಾಕುತ್ತಿದ್ದರು, ನಾನು ಲುಂಗಿ ಉಡಿಸಿದೆ. ತುಟಿಯ ಹೊರಗೆ ಹಲ್ಲು. ಮೇಲಿನಿಂದ ಒಂದು ಕ್ಷಿಪಣಿ ವಿನಯದಿಂದ ಬಗ್ಗಿ ದಾರಿ ಕೇಳುತ್ತಿದೆ. ಇಚ್ಚ ಹೇಳುತ್ತಿದ್ದಾರೆ, "ಯಲ್ಲಾ, ಬಾ, ಈ ಕಡೆ."

ಆ ಹಲ್ಲೊಂದೇ ಅಮೆರಿಕದ್ದು. ಉಳಿದದ್ದು ನಾನು ಊರಿನಿಂದ ತಂದದ್ದು. ನಮ್ಮ ಕುಟುಂಬದ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತು ಒಬ್ಬ ಮಾವ ಅದನ್ನು ಅಭಿನಯಿಸಿ ತೋರಿಸುತ್ತಿದ್ದರು: ಯುದ್ಧ ಬಂದರೆ ಬ್ಯಾರಿಗಳು ಟೆರೇಸಿನ ಮೇಲೆ ನಿಂತು ಆಚೆಯವರ ವಿಮಾನಕ್ಕೆ ಟಾರ್ಚ್ ಹಾಕುತ್ತಾರಂತೆ. ಬಾಳೆಲೆಯ ಮುಂದೆ ಎಲ್ಲರೂ ಕೆಮ್ಮುವಷ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಮ್ಮ ತರಗತಿಯಲ್ಲಿ ಮೂವರು ಬ್ಯಾರಿ ಹುಡುಗಿಯರಿದ್ದರು. ಕ್ರಿಕೆಟ್ ಮ್ಯಾಚಿನ ಮರುದಿನ ನೀವು ನಿನ್ನೆ ಯಾರಿಗೆ ಚಪ್ಪಾಳೆ ತಟ್ಟಿದ್ದು ಎಂದು ಅವರನ್ನು ಕೇಳುತ್ತಿದ್ದವರಲ್ಲಿ ನಾನೂ ಒಬ್ಬಳು. ಅವರು ಪುಸ್ತಕ ತೆರೆಯುತ್ತಿದ್ದರು. ಅದೂ ನಮಗೆ ನಗೆಯೇ.

ಚಿತ್ರ ನೋಡಿ ಫಿಲಿಪ್ಪೀನಿನಾಕೆ ಕುರ್ಚಿಯಿಂದ ಜಾರುವಷ್ಟು ನಕ್ಕಳು. ಇಚ್ಚನೂ ನಕ್ಕರು.

"ಹಲ್ಲು ಸ್ವಲ್ಪ ಜಾಸ್ತಿ ಆಯ್ತಕ್ಕ. ನನ್ನದು ಎರಡು ಹೋಗಿ ಆಗಿದೆ, ನೀವು ಹೊಸತು ನಾಲ್ಕು ಕೊಟ್ಟಿದ್ದೀರಿ." ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಟಾರ್ಚ್ ಯಾಕೆ?"

"ಕತ್ತಲೆ ಇತ್ತಲ್ವಾ ಇಚ್ಚ, ಅದಕ್ಕೆ."

"ಓ" ಎಂದರು. ಅವರೂ ನಮ್ಮ ಊರಿನ ಕಡೆಯವರೇ. ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರು. "ತಮ್ಮನಿಗೆ ತೋರಿಸ್ತೇನೆ. ನಗಲಿ ಪಾಪ."

ಫಿಲಿಪ್ಪೀನಿನಾಕೆ ಅದನ್ನು ಒಳ್ಳೆಯ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ ಆಫೀಸಿನ ಗುಂಪಿಗೆ ಹಾಕಿದಳು. ಆ ಗುಂಪಿನಲ್ಲಿ ಯಜಮಾನನ ಭಾವನೂ ಇದ್ದದ್ದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅಲ್ಲಿಂದ ಅದು ಕಟ್ಟಡದ ಭದ್ರತೆಯವರ ಫೋನಿಗೆ ಹೋಯಿತು. ಆಕಾಶದ ಕಡೆ ಫೋನ್ ಹಿಡಿದವರನ್ನೆಲ್ಲ ಕರೆದು ವಿಚಾರಿಸುತ್ತಿದ್ದಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿದ್ದ ದಿನಗಳು. ನೆಲಮಾಳಿಗೆಯ ಕ್ಯಾಮೆರಾದಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ, ಸೈರನ್ ಕೂಗುತ್ತಿರುವಾಗ, ಇಳಿಜಾರಿನ ಬಾಯಿಯಲ್ಲಿ ಉರಿಯುವ ಟಾರ್ಚನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ.

ಮರುದಿನ ಮುದೀರ್ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ನನ್ನ ಚಿತ್ರದ ಪ್ರಿಂಟು, ಅದರ ಪಕ್ಕ ಪಟ್ಟಿಯ ಖಾಲಿ ಹಾಳೆ.

"ಯಜಮಾನರು ಕೇಳುತ್ತಿದ್ದಾರೆ ಮದಾಮ್. ಅವರಿಗೆ ಇದು ಅರ್ಥವಾಗಲಿಲ್ಲ. ಗಡ್ಡ, ಟೋಪಿ ನಮಗೂ ಇದೆ, ಅದರಲ್ಲಿ ನಗುವಂಥದ್ದೇನು? ಉಳಿದ ಚಿತ್ರಗಳಿಗೆ ಬರೆದ ಹಾಗೆ ಇದಕ್ಕೂ ಬರೆದುಕೊಡಿ. ನಾನು ಕಳಿಸುತ್ತೇನೆ, ಮುಗಿದುಹೋಗಲಿ."

ನಾನು ನೆಮ್ಮದಿಯಿಂದ ಕುಳಿತು ಬರೆದೆ. ಬಿಡಿಸಿ ಹೇಳಿದರೆ ಎಂಥವರಿಗೂ ಇದು ಎಷ್ಟು ಬಾಲಿಶ ಎಂದು ತಿಳಿಯುತ್ತದೆ ಎಂದೇ ನಂಬಿದ್ದೆ. ಅಷ್ಟು ತಿಂಗಳ ರೂಢಿ. ಕಾಲಂ ಕಂಡರೆ ಪೂರ್ತಿ ತುಂಬಿಸದೆ ಏಳಲು ಬರುತ್ತಿರಲಿಲ್ಲ. ಯಾರು: ನಮ್ಮ ಚಹಾದವರು. ಯಾವ ಯುದ್ಧ: ಈಗಿನದು. ಏನು ಮಾಡುತ್ತಿದ್ದಾರೆ: ಟಾರ್ಚ್ ಹಿಡಿದು ಕ್ಷಿಪಣಿಗೆ ದಾರಿ ತೋರಿಸುತ್ತಿದ್ದಾರೆ. ನಗು ಎಲ್ಲಿದೆ: ಯುದ್ಧ ಬಂದಾಗ ಇವರ ಜನ ಶತ್ರುವಿಗೆ ದಾರಿ ತೋರಿಸುತ್ತಾರೆ ಎಂದು ನಮ್ಮ ಊರಿನಲ್ಲಿ ಮೊದಲಿನಿಂದಲೂ ಸಂಶಯಪಡುತ್ತಾರೆ.

ಮುದೀರ್ ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮೊದಲಿನಿಂದಲೂ?"

"ಅದು ಸುಳ್ಳು ಸರ್. ಸುಳ್ಳು ಎನ್ನುವುದೇ ತಮಾಷೆ."

"ಸುಳ್ಳು ಎಂದು ಇಲ್ಲಿ ಬರೆದಿಲ್ಲ."

ನಿಜ, ಬರೆದಿರಲಿಲ್ಲ. ಅಷ್ಟು ತಿಂಗಳಲ್ಲಿ ಯಾವ ಚಿತ್ರಕ್ಕೂ ನಾನು ಹಾಗೆ ಬರೆದಿರಲಿಲ್ಲ. ಐರ್ಲೆಂಡಿನವನ ದವಡೆ ಹಾಗಿರುವುದಿಲ್ಲ ಎಂದಾಗಲೀ, ಬಟ್ಟೆ ಒಗೆಯುವವನ ಬುಟ್ಟಿಯಲ್ಲಿ ಬಟ್ಟೆ ಮಾತ್ರ ಇತ್ತು ಎಂದಾಗಲೀ ಬರೆಯಲು ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

"ನೀವು ಅವನ ಊರಿನವರು" ಎಂದರು ಮುದೀರ್. "ಅವನ ಭಾಷೆ ಆಡುವವರು. ನಮಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರುತ್ತದೆ ಎಂದು ಯಜಮಾನರು ತಿಳಿಯುತ್ತಾರೆ."

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಯಜಮಾನ ಯಾರ ಮೇಲೂ ದೂರು ಕೊಡುವುದಿಲ್ಲ, ಪೊಲೀಸರ ತನಕ ಹೋಗುವುದೂ ಇಲ್ಲ. ಇಚ್ಚನ ಇಕಾಮಾ ಮುಂದುವರಿಸುವುದಿಲ್ಲ, ಅಷ್ಟೇ. ಖಲಾಸ್.

ನಾನು ಮುದೀರ್ ಹತ್ತಿರ ಹೋಗಿ ನಿಂತೆ. ಅವರು ಕೆಟ್ಟ ಮನುಷ್ಯರಲ್ಲ. ಇನ್ನೊಂದು ಹಾಳೆ ಕೊಟ್ಟರು. "ಬರೆಯಿರಿ. ಈ ಮನುಷ್ಯ ನಿರಪರಾಧಿ, ತಮ್ಮನಿಗೆ ಫೋನ್ ಮಾಡುತ್ತಿದ್ದ, ಚಿತ್ರ ನನ್ನ ಸ್ವಂತ ಕಲ್ಪನೆ, ಯುದ್ಧದ ಸಮಯದಲ್ಲಿ ಸಹೋದ್ಯೋಗಿಯ ಮೇಲೆ ಸುಳ್ಳು ಹಬ್ಬಿಸಿದ್ದು ನಾನು. ಸಹಿ ಹಾಕಿ. ನಾನು ತೆಗೆದುಕೊಂಡು ಹೋಗುತ್ತೇನೆ. ಅವನು ಉಳಿಯಬಹುದು. ನಿಮ್ಮದು ಏನಾಗುತ್ತದೆ ಎಂದು ನಾನು ಹೇಳಲಾರೆ."

ಒಂದು ದಿನ ಕೊಡಿ ಎಂದೆ.

ಮನೆಯಲ್ಲಿ ಗಂಡ ಶೂಸಿನ ಲೇಸು ಬಿಚ್ಚುತ್ತಾ ಕೇಳಿದರು. "ನಿನ್ನ ತಲೆ ಸಮ ಉಂಟಾ? ಸುಳ್ಳು ಹಬ್ಬಿಸಿದ್ದು ಅಂತ ನೀನೇ ಬರೆದುಕೊಡೂದಾ? ಈ ಗಲಾಟೆಯಲ್ಲಿ? ಅವರಿಗೆ ಹೇಗೂ ಅರವತ್ತಾಯ್ತು ಮಾರಾಯ್ತಿ, ಇವತ್ತಲ್ಲದಿದ್ರೆ ನಾಳೆ ಹೋಗುವವರೇ. ಮಗಳಿಗೆ ಬೋರ್ಡ್ ಎಕ್ಸಾಮ್ ಉಂಟು."

ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಜಸ್ಟ್ ಸೇ ಸಾರಿ, ಅಮ್ಮ" ಎಂದಳು.

ಆ ದಿನ ಹುರುಳಿ ಸಾರು ಮಾಡಿದ್ದೆ. ಚೆನ್ನಾಗಿ ಬಂದಿತ್ತು, ನಾನೂ ಎರಡು ಸಲ ಬಡಿಸಿಕೊಂಡೆ. ಮರುದಿನ ಆ ಹಾಳೆಯನ್ನು ಖಾಲಿಯಾಗಿಯೇ ಮುದೀರ್ ಮೇಜಿನ ಮೇಲೆ ಇಟ್ಟು ಬಂದೆ. ಅವರು ಅದನ್ನು ಪ್ರಿಂಟರಿನ ಟ್ರೇಗೆ ಹಾಕಿದರು.

ಇಚ್ಚನಿಗೆ ಎಲ್ಲ ಗೊತ್ತಾಗಿತ್ತು. ಫಿಲಿಪ್ಪೀನಿನಾಕೆ ಅತ್ತುಕೊಂಡು ಹೇಳಿದ್ದಳು. ಉಳಿದ ಮೂರು ವಾರವೂ ಅವರು ಮೊದಲಿನಂತೆಯೇ ಪುಟ ತಿರುಗಿಸಿದರು. ಇವ ಯಾರು ಎಂದು ಕೇಳುವುದನ್ನು ಮಾತ್ರ ನಿಲ್ಲಿಸಿದರು. ನನ್ನ ಚಹಾ ಸರಿಯಾದ ಹೊತ್ತಿಗೆ, ಸಕ್ಕರೆ ಕಡಿಮೆ, ನನಗೆ ಬೇಕಾದ ಹಾಗೆಯೇ ಬರುತ್ತಿತ್ತು. ಕೊನೆಯ ದಿನ ಪ್ಯಾಂಟ್ರಿಯಲ್ಲಿ ಪಾತ್ರೆ ಒರೆಸುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಹೇಳಿದೆ:

"ಇಚ್ಚ, ತಮ್ಮನಿಗೆ ಸಂಜೆಯ ಗಂಜಿ ನಾನು ತೆಗೊಂಡು ಹೋಗ್ತೇನೆ. ನೀವು ಚಿಂತೆ ಮಾಡ್ಬೇಡಿ."

ಅವರು ತಿರುಗಲಿಲ್ಲ. "ಬೇಡ ಅಕ್ಕ."

"ನನಗೆ ಕಷ್ಟ ಇಲ್ಲ ಇಚ್ಚ."

"ನಿಮಗೆ ಕಷ್ಟ ಇಲ್ಲ, ಗೊತ್ತುಂಟು. ನೀವು ಎಲ್ಲ ಸರೀ ನೋಡ್ತೀರಿ, ನೋಡಿದ್ದನ್ನು ಚಂದ ಬರೆದಿಡ್ತೀರಿ. ಅವ ಮಲಗಿದಲ್ಲೇ ಎಲ್ಲ ಮಾಡ್ಕೊಳ್ಳುವವ. ನಿಮ್ಮ ಕಣ್ಣು ಅಲ್ಲಿ ಬೇಡ." ಸೌಟನ್ನು ಮೊಳೆಗೆ ತೂಗುಹಾಕಿದರು. "ವಾರ್ಡ್ ಗುಡಿಸುವ ಬಂಗಾಳಿ ಭಾಯಿ ಇದ್ದಾನೆ. ಅವನಿಗೆ ಹೇಳಿಯಾಗಿದೆ."

ಇಚ್ಚ ಊರಿಗೆ ಹೋದ ಮೇಲೆ ಒಂದು ತಿಂಗಳು ಪುಟಗಳನ್ನು ನಾನೇ ತಿರುಗಿಸಿದೆ. ಬಹಳ ಹರಿದವು.

ಒಂದು ಮಧ್ಯಾಹ್ನ ಆಫೀಸಿನ ಫೋನ್ ಬಡಿಯಿತು. ಆಸ್ಪತ್ರೆಯ ನರ್ಸು, ಮಲಯಾಳಿ. ರೋಗಿಯ ಕಾಗದದಲ್ಲಿ ಇಚ್ಚ ಬರೆಸಿದ್ದು ನಮ್ಮ ಆಫೀಸಿನ ನಂಬರು. ಗುಡಿಸುವವನನ್ನು ಬೆಳಗಿನ ಪಾಳಿಗೆ ಹಾಕಿದ್ದಾರೆ, ಸಂಜೆ ಯಾರೂ ಇಲ್ಲ, ಮೂರು ದಿನದಿಂದ ರೋಗಿ ತಿಂದದ್ದು ಸಾಲದು, ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕು, ಮನೆಯವರು ಯಾರಾದರೂ ಇದ್ದಾರಾ ಎಂದು ಕೇಳಿದಳು. ಬರುತ್ತಾರೆ ಎಂದೆ. ಪ್ಯಾಂಟ್ರಿಯಲ್ಲಿ ಕುಚ್ಚಲಕ್ಕಿಯ ಡಬ್ಬದಲ್ಲಿ ಎರಡು ಹಿಡಿ ಉಳಿದಿತ್ತು.

ತಮ್ಮನಿಗೆ ಇಚ್ಚನದೇ ಹಣೆ. ಬಾಕಿ ಎಲ್ಲ ಇಳಿದುಹೋಗಿತ್ತು. ನಾನು ತುಳುವಿನಲ್ಲಿ ಮಾತಾಡಿದ್ದಕ್ಕೆ ಕಣ್ಣು ಅಗಲ ಮಾಡಿದ.

"ಎಲ್ಲಿಯವರು ನೀವು?"

"ಉಡುಪಿ ಕಡೆ."

"ಇಚ್ಚನ ಆಫೀಸಿನವರಾ?"

ಚಮಚ ನನ್ನ ಕೈಯಲ್ಲಿತ್ತು. "ಅಲ್ಲ" ಎಂದೆ. "ಅದೇ ಕಟ್ಟಡ. ಕೆಳಗಿನ ಬ್ಯಾಂಕಿನವಳು. ನಿಮ್ಮ ಇಚ್ಚ ನಮಗೂ ಚಹಾ ಕೊಡ್ತಿದ್ರು."

ಅವನು ಬಾಯಿ ತೆರೆದ.

ಮುಕ್ಕಾಲು ಗಂಟೆ ಎಂದು ಇಚ್ಚ ಹೇಳಿದ್ದು ಸರಿಯಾಗಿತ್ತು. ಒಂದು ಚಮಚ, ಅದು ಇಳಿದದ್ದನ್ನು ಗಂಟಲಲ್ಲಿ ನೋಡಬೇಕು, ಮತ್ತೆ ಇನ್ನೊಂದು. ನಡುವೆ ಅವನು ಮಾತಾಡುತ್ತಿದ್ದ. ಆಫೀಸಿನ ಹೆಂಗಸೊಬ್ಬಳು ಬರೆದ ಚಿತ್ರದ ಕಥೆ ಹೇಳಿದ. "ಇಚ್ಚ ಅದನ್ನು ತಂದು ತೋರಿಸಿದ್ದ. ನಾವಿಬ್ಬರೂ ನಕ್ಕಿದ್ದೆವು. ನಕ್ಕದ್ದಕ್ಕೆ ಈಗ ನನಗೇ ಎರಡು ಬಾರಿಸ್ಬೇಕು ಅನ್ನಿಸ್ತದೆ, ಕೈ ಏಳೂದಿಲ್ಲ." ಒಂದು ಚಮಚ. "ಅವಳ ಕೈಗೆ ಹುಳ ಬೀಳಲಿ." ಇನ್ನೊಂದು ಚಮಚ. "ಅವಳ ಮಕ್ಕಳು ಅವಳ ಬಾಯಿಗೆ ನೀರು ಬಿಡದಿರಲಿ." ನಾನು ಅವನ ಗಲ್ಲ ಒರೆಸಿದೆ. ಅವನು ಇನ್ನೊಂದಕ್ಕೆ ಬಾಯಿ ತೆರೆದ.

ಮರುದಿನವೂ ಹೋದೆ, ಅದರ ಮರುದಿನವೂ. ಬ್ಯಾಂಕಿನ ಒಬ್ಬರು ಅಕ್ಕ ಊಟ ತರುತ್ತಾರೆ ಎಂದು ನರ್ಸು ಕಿವಿಗೆ ಹಿಡಿದ ಫೋನಿನಲ್ಲಿ ಅವನು ಇಚ್ಚನಿಗೆ ಹೇಳಿದನಂತೆ. ಉಡುಪಿ ಕಡೆಯವರಾ ಎಂದು ಇಚ್ಚ ಕೇಳಿದರಂತೆ. ಹೌದು ಎಂದನಂತೆ. "ಆಮೇಲೆ, ಸರಿ, ತಿನ್ನು, ಅಂತ ಹೇಳಿ ಇಟ್ಟ."

ಎರಡನೇ ವಾರ ಅವನು ಮತ್ತೆ ಕೆನ್ನೆಯಲ್ಲಿ ಇಟ್ಟುಕೊಳ್ಳಲು ಶುರುಮಾಡಿದ. ಊರಿಗೆ ಕಳಿಸುವ ಕಾಗದ ಎಲ್ಲೋ ನಿಂತಿದೆ ಎಂದು ಯಾರೋ ಹೇಳಿದ್ದರು. ಗೋಡೆ ನೋಡಿಕೊಂಡು ಮಲಗಿದ್ದ. ನಾನು ಏನೇನೋ ಹೇಳಿದೆ, ಕೇಳಲಿಲ್ಲ. ಕೊನೆಗೆ ಅವನೇ ಮುಖ ತಿರುಗಿಸಿ ಕೇಳಿದ:

"ಅವಳನ್ನು ನೀವು ಕಂಡಿದ್ದೀರಾ? ಆ ಚಿತ್ರದವಳನ್ನು?"

"ಲಿಫ್ಟಿನಲ್ಲಿ ಕಂಡಿದ್ದೇನೆ."

"ಹೇಗಿದ್ದಾಳೆ?"

"ಗಿಡ್ಡ" ಎಂದೆ. ಅವನು ಕಾದ. "ದಪ್ಪ. ನಡೆಯುವಾಗ ಗ್ಯಾಸ್ ಸಿಲಿಂಡರ್ ಉರುಳಿಸ್ಕೊಂಡು ಹೋದ ಹಾಗೆ."

ಅವನ ಕೆನ್ನೆಯೊಳಗಿದ್ದದ್ದು ಇಳಿಯಿತು. "ಮತ್ತೆ?"

"ಕಣ್ಣು ಕಾಗೆಯದು. ಲಿಫ್ಟಿನಲ್ಲಿ ಇರುವವರ ಟಿಫಿನ್ ಚೀಲದೊಳಗೆ ಎಂತ ಉಂಟು ಅಂತ ನೋಡ್ತಾಳೆ."

"ನಿಮ್ಮವಳಾ?"

"ನಮ್ಮವಳೇ."

"ಹಾಗಾದ್ರೆ ಬೊಟ್ಟು?"

"ಹಪ್ಪಳದಷ್ಟು. ಅವಳಿಗಿಂತ ಮೊದಲು ಬೊಟ್ಟು ಲಿಫ್ಟಿನಿಂದ ಹೊರಗೆ ಬರ್ತದೆ."

ಅವನಿಗೆ ನಗು ಬಂತು. ನಾನು ಗಂಜಿ ಕೊಟ್ಟೆ, ತೆಗೆದುಕೊಂಡ. ಆಮೇಲೆ ಅವನೂ ಸೇರಿಸಿದ. ನಿಮ್ಮ ಹೆಂಗಸರು ದೇವರಿಗೆ ಕೈಮುಗಿಯುವಾಗಲೂ ಪಕ್ಕದವಳ ಸರ ತೂಗಿ ನೋಡುತ್ತಾರೆ, ನಮ್ಮನ್ನು ಮುಟ್ಟಿದರೆ ಮೈಲಿಗೆ, ನಮ್ಮ ಅಂಗಡಿಯ ಮೀನು ಮಾತ್ರ ಮೈಲಿಗೆ ಇಲ್ಲ ಎಂದ. ಅವರ ಪಂಕ್ತಿಯಲ್ಲೂ ಒಬ್ಬ ಮಾವ ಇದ್ದಿರಬೇಕು. ಹೇಳಿ ಮುಗಿಸಿ ನನ್ನ ಹಣೆ ನೋಡಿ, "ಬೇಜಾರು ಮಾಡ್ಬೇಡಿ ಅಕ್ಕ, ನೀವು ಅಂಥವರಲ್ಲ" ಎಂದ.

"ಬೇಜಾರು ಎಂತದು" ಎಂದೆ.

"ಹಲ್ಲು ಹೇಳಿ. ಅವಳ ಹಲ್ಲು ಹೇಗುಂಟು?"

ಹೇಳಿದೆ. ಹಲ್ಲಿನ ಮೇಲೆ ಬಟ್ಟೆ ಒಣಗಿಸಬಹುದು ಎಂದೆ. ಅವನು ನಗಲು ಹೋಗಿ ಗಂಜಿ ನೆತ್ತಿಗೇರಿತು. ಮುಖ ನೀಲಿಯಾಯಿತು. ನರ್ಸು ಓಡಿ ಬಂದು ಮಂಚ ಎತ್ತರಿಸಿ, ಬಾಯಿಗೆ ನಳಿಗೆ ಹಾಕಿ ಗಂಜಿ ಹೊರಗೆಳೆದಳು. ಊಟ ಕೊಡುವಾಗ ತಮಾಷೆ ಮಾಡಬಾರದು ಎಂದು ಗೊತ್ತಿಲ್ಲವೇ, ಇವರನ್ನು ಕೊಲ್ಲಬೇಕೆಂದಿದ್ದೀರಾ ಎಂದು ನನಗೆ ಬೈದಳು. ನಾನು ಲೋಟ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಿದ್ದೆ.

ಉಸಿರು ಸರಿಯಾಗಲು ಹತ್ತು ನಿಮಿಷ ಹಿಡಿಯಿತು. ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಒರೆಸಿದೆ.

"ಲೋಟದಲ್ಲಿ ಎಷ್ಟ್ ಉಂಟು?" ಎಂದು ಕೇಳಿದ.

"ಅರ್ಧ."

"ಕೊಡಿ" ಎಂದ. "ಅವಳ ಮೂಗು ನಾಳೆಗೆ ಇರಲಿ."